ಕಾರ್ಡಿನ ಹಿಂದಿನ ಪೆನ್ಸಿಲ್ ಅಂಕಿ

ನಿವೃತ್ತನಾದ ಮೇಲೆ ಎರಡು ಮೂರು ಕಡೆ, ಕಣ್ಣಿನ ತಂತ್ರಜ್ಞರ ಕೋರ್ಸಿಗೆ ಹೊಸದಾಗಿ ಸೇರಿದವರ ಎದುರು ಮಾತಾಡಲು ನನ್ನನ್ನು ಕರೆದರು. ಹೋದಲ್ಲೆಲ್ಲ ಸೇವೆ, ತಾಳ್ಮೆ, ಸಮಯಪಾಲನೆ ಎಂದು ಹೇಳಿ ಶಾಲು ಹೊದೆಸಿಕೊಂಡು ಬಂದೆ. ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಕೆಲಸದ ಕೊನೆಯ ಹತ್ತು ಹನ್ನೆರಡು ವರ್ಷ ನನ್ನನ್ನು ಬೆಳಿಗ್ಗೆ ಎಬ್ಬಿಸಿ ಕಟಪಾಡಿಯಲ್ಲಿ ಉಡುಪಿಯ ಬಸ್ಸು ಹತ್ತಿಸುತ್ತಿದ್ದದ್ದು ಸೇವೆಯಲ್ಲ, ಹೊಟ್ಟೆಕಿಚ್ಚು. ಶಾಲಿನ ಎದುರು ಅದನ್ನು ಹೇಳಲು ಬಾಯಿ ಬರಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಉಡುಪಿಯ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿನೊಳಗಿನ ಫೋಟೋ ತೆಗೆಯುತ್ತಿದ್ದವನು, ಹೆಸರು ಸದಾನಂದ. ನಮಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಸಕ್ಕರೆ ಕಾಯಿಲೆಯವರು. ಈ ಕಾಯಿಲೆ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳನ್ನು ಒಳಗೊಳಗೇ ಹಾಳು ಮಾಡುತ್ತದೆ. ಹಳೆಯ ನಾಳ ಕೆಟ್ಟರೆ ಅದರ ಬದಲಿಗೆ ಕೂದಲೆಳೆಯಂಥ ಹೊಸ ನಾಳಗಳು ಹುಟ್ಟುತ್ತವೆ. ಅವಕ್ಕೆ ಗಟ್ಟಿತನವಿಲ್ಲ, ಒಂದು ದಿನ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ಕಷ್ಟ ಏನೆಂದರೆ, ಅದರ ಹಿಂದಿನ ದಿನದವರೆಗೂ ಆ ಮನುಷ್ಯನಿಗೆ ಪೇಪರಿನ ಸಣ್ಣ ಅಕ್ಷರವೂ ಕಾಣುತ್ತಿರಬಹುದು. ಒಡೆಯುವ ಮೊದಲೇ ಲೇಸರ್ ಕೊಟ್ಟರೆ ಕಣ್ಣು ಉಳಿಯುತ್ತದೆ. ಆದ್ದರಿಂದ ನಮ್ಮ ಕೆಲಸವೆಲ್ಲ ಒಂದೇ ಪ್ರಶ್ನೆಯ ಸುತ್ತ ಇತ್ತು: ಚೆನ್ನಾಗಿ ಕಾಣುತ್ತದೆ ಎನ್ನುವ ಈ ಮನುಷ್ಯನ ಕಣ್ಣು ಯಾವಾಗ ಕೈಕೊಡುತ್ತದೆ?

ಆಗ ಎಲ್ಲವೂ ಫಿಲ್ಮು. ಬಣ್ಣದ ಸ್ಲೈಡುಗಳು ಹೊರಗೆ ತೊಳೆದು ಬರಲು ಎರಡು ವಾರ ಬೇಕು. ಕೈಗೆ ಹಳದಿ ಔಷಧ ಚುಚ್ಚಿ ತೆಗೆಯುವ ಕಪ್ಪು ಬಿಳುಪು ಚಿತ್ರಗಳನ್ನು ನಾನೇ ಕತ್ತಲೆ ಕೋಣೆಯಲ್ಲಿ ತೊಳೆಯುತ್ತಿದ್ದೆ. ಮಣಿಪಾಲದಿಂದ ಕಲಿಯಲು ಬಂದ ಡಾಕ್ಟರುಗಳು ನನ್ನ ಸ್ಲೈಡನ್ನು ಬೆಳಕಿಗೆ ಹಿಡಿದು, "ಇದು ಯಾರು ತೆಗೆದದ್ದು?" ಎಂದು ಕೇಳುವುದಿತ್ತು. ನಾನು ಕೇಳದವನ ಹಾಗೆ ನಿಲ್ಲುತ್ತಿದ್ದೆ. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು.

ತಪ್ಪುಗಳನ್ನೂ ಮಾಡಿದ್ದೇನೆ. ಸಂತೆಕಟ್ಟೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಹನುಮಂತಪ್ಪ ಎಂಬವರು, ಉತ್ತರ ಕರ್ನಾಟಕದವರು, ಒಮ್ಮೆ ಹಳದಿ ಔಷಧ ಚುಚ್ಚಿಸಿಕೊಂಡು ಹೋದರು. ಮೈ ಮತ್ತು ಮೂತ್ರ ಎರಡು ದಿನ ಹಳದಿಯಾಗುತ್ತದೆ, ಹೆದರಬೇಡಿ ಎಂದು ಹೇಳಬೇಕಾದದ್ದು ನಾನು. ಮರೆತೆ. ನಾಲ್ಕು ದಿನ ಬಿಟ್ಟು ಬಂದವರ ಮುಖ ಇಳಿದುಹೋಗಿತ್ತು. "ಸಾಹೇಬ್ರ, ನಿಮ್ಮ ಸೂಜಿ ಚುಚ್ಚಿದ್ದೇ ನನಗ ಕಾಮಾಣಿ ಆತ್ರೀ. ನಮ್ಮ ಮಂದಿ ನಾಟಿ ಔಷಧ ಕೊಡಿಸಿ, ಬರೇ ಗಂಜಿ ಕುಡಿಸಿ ಮಲಗಿಸ್ಯಾರ" ಎಂದರು. ಕಾಮಾಲೆ ಎಂದು ನಾಲ್ಕು ದಿನ ಉಪ್ಪಿಲ್ಲದ ಗಂಜಿ ಕುಡಿದ ಶುಗರ್ ರೋಗಿ! ಡಾಕ್ಟರು ನನ್ನನ್ನು ಎಲ್ಲರೆದುರು ಬೈದರು. ಬೈಗಳು ಎರಡು ದಿನದಲ್ಲಿ ಮರೆತುಹೋಯಿತು. ಆದರೆ ಆವತ್ತು ಹನುಮಂತಪ್ಪನವರ ಪಕ್ಕ ಕುಳಿತು, ಅವರ ಗಾಬರಿ ಇಳಿಸಿ, ನಗಿಸಿ ಕಳುಹಿಸಿದವಳು ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗದ ಮೈಮೂನ. ಅದು ಮರೆಯಲಿಲ್ಲ.

ಮೈಮೂನ ಕಾಪುವಿನವಳು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯ ಹುಡುಗಿ. ತಂದೆ ಗಲ್ಫಿನಲ್ಲಿದ್ದರು. ತಾಯಿಗೆ ಶುಗರಿನಿಂದ ಎರಡೂ ಕಣ್ಣು ಹೋಗಿತ್ತು. ತೊಂಬತ್ತೆಂಟರಲ್ಲಿ ನನ್ನ ಕೈಕೆಳಗೆ ಸೇರಿದಳು. ಕೆಲಸ ಬಹಳ ಸಣ್ಣದು: ರೋಗಿಗಳ ಕಣ್ಣಿಗೆ ಮದ್ದಿನ ಹನಿ ಹಾಕುವುದು. ಹನಿ ಹಾಕಿದ ಮೇಲೆ ಪಾಪೆ ಅಗಲವಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನನ್ನ ಲೆಕ್ಕದಲ್ಲಿ ಚಹಾದ ಸಮಯ. ಅವಳು ಮಾತ್ರ ಕಣ್ಣು ಮುಚ್ಚಿ ಬೆಂಚಿನಲ್ಲಿ ಕುಳಿತ ರೋಗಿಗಳ ನಡುವೆ ಒಂದು ಸ್ಟೂಲು ಎಳೆದುಕೊಂಡು ಹರಟೆಗೆ ಕೂರುತ್ತಿದ್ದಳು. ಕೆಲಸ ಕಳ್ಳಿ ಎಂದು ಒಳಗೊಳಗೇ ಖುಷಿಪಟ್ಟೆ.

ಆ ಖುಷಿ ಕಾಪುವಿನಲ್ಲಿ ನಡೆದ ಕಣ್ಣು ತಪಾಸಣೆಯ ಕ್ಯಾಂಪಿನವರೆಗೆ ಬಾಳಿತು. ಅಲ್ಲಿ ಗಲ್ಫಿನಿಂದ ಬಂದ ಒಬ್ಬ ವ್ಯಾಪಾರಸ್ಥರು ಶುಗರ್ ಬಂದು ಎರಡು ವರ್ಷ ಎಂದು ಬರೆಸಿದ್ದರು. ಎರಡು ವರ್ಷಕ್ಕೆ ಕಣ್ಣಿಗೆ ಏನಾಗುತ್ತದೆ ಎಂದು ನಾನು ಬೇಗ ಬೇಗ ನೋಡಿ ಮುಗಿಸಿದೆ. ಮೈಮೂನ ಬ್ಯಾರಿ ಭಾಷೆಯಲ್ಲಿ ಅವರ ಹತ್ತಿರ ಏನೋ ಕೇಳುತ್ತಿದ್ದಳು. ಬಂದು ಹೇಳಿದಳು:

"ಸದಾನಂದಣ್ಣ, ಇವರಿಗೆ ಶುಗರ್ ಗೊತ್ತಾಗಿ ಎರಡು ವರ್ಷ. ಬಂದು ಹನ್ನೆರಡು ವರ್ಷ ಆಗಿರ್ಬೇಕು."

"ನಿನಗೆ ಹೇಗೆ ಗೊತ್ತು?"

"ದುಬೈಯಲ್ಲಿ ಎಂಟು ಜನ ಒಂದೇ ರೂಮಲ್ಲಿ ಇದ್ದದ್ದಂತೆ. ಇವರು ನಾಲ್ಕು ನಾಲ್ಕು ಸಲ ಮೂತ್ರಕ್ಕೆ ಎದ್ದು ಬಾಗಿಲು ತೆಗೆದು ನಿದ್ದೆ ಹಾಳು ಮಾಡ್ತಾರೆ ಅಂತ ಉಳಿದವರು ಜಗಳ ಮಾಡಿ ರೂಮು ಬಿಡಿಸಿದ್ರಂತೆ. ಅದು ಯಾವ ವರ್ಷ ಅಂತ ಕೇಳಿದೆ."

ಮತ್ತೆ ಕ್ಯಾಮರಾದಲ್ಲಿ ನೋಡಿದಾಗ ಪರದೆಯ ಅಂಚಿನಲ್ಲಿ ಹೊಸ ನಾಳಗಳು ಬೇಕಾದಷ್ಟಿದ್ದವು. ಲೇಸರಿಗೆ ಕಳುಹಿಸಿದೆವು, ಕಣ್ಣು ಉಳಿಯಿತು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ: ಕಾಯಿಲೆ ಗೊತ್ತಾದ ವರ್ಷ ಬೇರೆ, ಕಾಯಿಲೆ ಶುರುವಾದ ವರ್ಷ ಬೇರೆ. ಎರಡನೆಯದನ್ನು ಯಾವ ರಿಪೋರ್ಟೂ ಹೇಳುವುದಿಲ್ಲ. ಕೂತು ಕೇಳಬೇಕು. ಇದನ್ನು ನನಗೆ ಕಲಿಸಿದವಳು ನನ್ನ ಅರ್ಧ ವಯಸ್ಸಿನವಳು ಎಂದು ಬರೆಯುವಾಗ ಈಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ.

ನಮ್ಮ ಡಾಕ್ಟರಿಗೆ ಈ ಸುದ್ದಿ ತಲುಪಿತು. ಅವರು ಒಳ್ಳೆಯವರು, ಆದರೆ ಎಲ್ಲದರಲ್ಲೂ ಒಂದು ಆಟ ಬೇಕು. ನಮ್ಮಿಬ್ಬರನ್ನೂ ಕರೆದು ಹೇಳಿದರು: "ಇನ್ನು ಮೇಲೆ ನಾನು ನೋಡುವ ಮೊದಲು ನೀವಿಬ್ಬರೂ ರೋಗಿಯ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಒಂದೊಂದು ಅಂಕಿ ಬರೆಯಬೇಕು. ಈ ಕಣ್ಣಿಗೆ ಅಪಾಯ ಎಷ್ಟು ತಿಂಗಳಲ್ಲಿ? ಮೂರು, ಆರು, ಇಲ್ಲ ಹನ್ನೆರಡು. ಯಾರ ಅಂದಾಜು ಸರಿಯಾಗ್ತದೆ ನೋಡುವ." ತಾನು ಊರಲ್ಲಿಲ್ಲದ ದಿನ ಸೀನಿಯರ್ ಹಾಕಿದ ಅಂಕಿಯೇ ನಡೆಯಲಿ ಎಂದೂ ಹೇಳಿದರು. ಸೀನಿಯರ್ ನಾನು.

ಅವಳು ಹರಟೆ ಮುಗಿಸಿ ಮೊದಲು ಬರೆಯುತ್ತಿದ್ದಳು, ನಾನು ಫೋಟೋ ತೆಗೆದ ಮೇಲೆ. ಹಾಗಾಗಿ ಅವಳ ಅಂಕಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಬೀಳುತ್ತಿತ್ತು ಎಂದರೆ ನಾನೇ ಕಾರ್ಡು ತಿರುಗಿಸಿ ನೋಡುತ್ತಿದ್ದೆ. ಮೊದಮೊದಲು ಅವಳ ಅಂಕಿ ನೋಡಿ ನಕ್ಕೆ. ಕೆಲವು ತಿಂಗಳ ಮೇಲೆ ಹಳೆಯ ಕಾರ್ಡುಗಳು ತಿರುಗಿ ಬರತೊಡಗಿದವು. ನಾನು ಹನ್ನೆರಡು ಬರೆದು ಅವಳು ಆರು ಬರೆದ ಕಾರ್ಕಳದ ಬಟ್ಟೆ ಅಂಗಡಿಯವರು ಏಳನೇ ತಿಂಗಳಿಗೆ ಕಣ್ಣು ಮಸುಕಾಯಿತೆಂದು ಬಂದರು. ಡಾಕ್ಟರು ಕಾರ್ಡು ತಿರುಗಿಸಿ, "ಏನು ಸದಾನಂದ?" ಎಂದು ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ ಸಣ್ಣತನಗಳಿಗೆ ಲೆಕ್ಕವಿಲ್ಲ. ಬಿಸಿಲಿನ ದಿನಗಳ ಕಾರ್ಕಳದ ಕ್ಯಾಂಪುಗಳೆಲ್ಲ ಅವಳಿಗೆ. ಕತ್ತಲೆ ಕೋಣೆಯ ಕೆಲಸ ಕಲಿಸಿ ಎಂದು ಕೇಳಿದಾಗ, "ಅದೆಲ್ಲ ನಿನ್ನಿಂದ ಆಗುದಿಲ್ಲ, ಕೈ ಸುಡ್ತದೆ" ಎಂದೆ. ಕೈ ಸುಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅವಳು ನಾನಿಲ್ಲದಾಗ ಹೊರಗಿಟ್ಟ ಡಬ್ಬಿಗಳ ಚೀಟಿ ಓದಿ ಓದಿ ಅದನ್ನೂ ಕಲಿತಳು. ಮನೆಯಲ್ಲಿ ಊಟಕ್ಕೆ ಕೂತಾಗಲೂ ನನ್ನ ಬಾಯಲ್ಲಿ ಅವಳದೇ ಸುದ್ದಿ. ಒಮ್ಮೆ ಹೆಂಡತಿ, "ಆ ಹುಡುಗಿಯನ್ನು ಒಂದು ದಿನ ಊಟಕ್ಕಾದರೂ ಕರೀರಿ ಮಾರಾಯ್ರೆ, ನೋಡಿಯಾದ್ರೂ ಬಿಡುವ" ಎಂದಳು. ಎರಡು ದಿನ ಹೆಂಡತಿಯ ಹತ್ತಿರವೂ ಮಾತಾಡಲಿಲ್ಲ.

ಎರಡು ಸಾವಿರದ ಒಂದರ ಡಿಸೆಂಬರಿನಲ್ಲಿ ಡಾಕ್ಟರು ಸಿಬ್ಬಂದಿ ಸಭೆಯಲ್ಲಿ ಒಂದು ಮಾತು ಹೇಳಿದರು. ಚೆನ್ನೈಯಲ್ಲಿ ಹದಿನೈದು ದಿನದ ತರಬೇತಿಗೆ ಒಬ್ಬರನ್ನು ಕಳುಹಿಸಬೇಕು, ಮೈಮೂನ ಹೋಗಲಿ. ನಾನು ಆ ತರಬೇತಿಗೆ ಮೂರು ವರ್ಷದಿಂದ ಕಾದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮರುದಿನ ಡಾಕ್ಟರು ಸಮ್ಮೇಳನವೆಂದು ನಾಲ್ಕು ದಿನಕ್ಕೆ ಬೆಂಗಳೂರಿಗೆ ಹೋದರು. ಅದೇ ದಿನ ಶಂಕರಪುರದ ಲೀಲಕ್ಕ ಬಂದರು.

ಲೀಲಕ್ಕ ಐವತ್ತರ ಹೆಂಗಸು. ಮನೆಯ ಸುತ್ತ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವುದರೊಳಗೆ ಮಾಲೆ ಸುತ್ತಿ ಚೆಂಡು ಮಾಡಿ ಕೊಡುವ ಕೆಲಸ. ಕಣ್ಣಿನ ತೊಂದರೆ ಎಂದು ಬಂದವರಲ್ಲ. ಶುಗರಿನ ಡಾಕ್ಟರು ಒತ್ತಾಯ ಮಾಡಿದ್ದಕ್ಕೆ ಬಂದವರು. ಮೈಮೂನ ಹನಿ ಹಾಕಿ ಎಂದಿನಂತೆ ಸ್ಟೂಲು ಎಳೆದಳು. ನಾನು ಚಹಾ ಕುಡಿದು ಬರುವಾಗ ಲೀಲಕ್ಕನ ಮಾತು ಕೇಳಿಸಿತು.

"ನನ್ನ ಕಣ್ಣಿಗೆ ಎಂತ ಆಗಿದೆ ಮಗಾ? ಒಂದು ಹೂ ತಪ್ಪದೆ ಕಟ್ತೇನೆ. ಬೇಕಾದ್ರೆ ಕಣ್ಣು ಮುಚ್ಚಿ ಕಟ್ಟಿ ತೋರಿಸ್ತೇನೆ. ಹೂ ಕಟ್ಲಿಕ್ಕೆ ಕಣ್ಣು ಯಾಕೆ, ಬೆರಳು ಸಾಕು."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಮೈಮೂನ ನಗಲಿಲ್ಲ. ಕಾರ್ಡು ನನ್ನ ಕೈಗೆ ಬಂದಾಗ ಹಿಂದೆ ಅವಳ ಅಂಕಿ ಇತ್ತು: 3.

ನಾನು ಕ್ಯಾಮರಾದಲ್ಲಿ ಕಣ್ಣಿಟ್ಟೆ. ಎಡಗಣ್ಣಿನಲ್ಲಿ, ನರ ಒಳಗೆ ಬರುವ ಬಿಳಿ ಜಾಗದ ಮೇಲೆಯೇ, ಸಣ್ಣಗೆ ಹೆಣೆದುಕೊಂಡ ಹೊಸ ನಾಳಗಳು. ನನ್ನಂಥವನಿಗೆ ಅದು ಕಾಣದೆ ಹೋಗುವ ಮಾತೇ ಇಲ್ಲ. ಕಂಡಿತು. ಸ್ಪಷ್ಟವಾಗಿ ಕಂಡಿತು. ಇದನ್ನು ನಾನು ಕೆಲಸದಲ್ಲಿರುವವರೆಗೆ ಯಾರಿಗೂ ಹೇಳಲಿಲ್ಲ: ನನ್ನ ಮನಸ್ಸಿನಲ್ಲಿ ಬಂದ ಅಂಕಿಯೂ ಮೂರೇ.

ಆದರೆ ಮೂರು ಬರೆದರೆ ಅವಳು ಹೇಳಿದ್ದಕ್ಕೆ ನಾನು ರುಜು ಹಾಕಿದಂತೆ. ಚಪ್ಪಾಳೆಯ ಸದ್ದು ಇನ್ನೂ ಕಿವಿಯಲ್ಲಿತ್ತು. ಪೆನ್ಸಿಲ್ ತೆಗೆದು 12 ಎಂದು ಬರೆದೆ. ಸ್ವಲ್ಪ ದೊಡ್ಡದಾಗಿಯೇ ಬರೆದೆ.

ಮೈಮೂನ ಕಾರ್ಡು ನೋಡಿದಳು. "ಸದಾನಂದಣ್ಣ, ಇನ್ನೊಂದು ಸಲ ನೋಡುವನಾ? ಸಂಜೆಗೆ ಇವರ ಕಾಲು ಬಾತುಕೊಳ್ತದಂತೆ. ಮೂತ್ರದಲ್ಲಿ ನೊರೆ ಉಂಟಂತೆ. ಶುಗರ್ ಕಿಡ್ನಿಗೆ ಮುಟ್ಟಿದ್ರೆ ಕಣ್ಣಿಗೂ ಮುಟ್ಟಿರ್ತದೆ. ಮತ್ತೆ ಇವರು ಬೆರಳಲ್ಲಿ ಕೆಲಸ ಮಾಡುವವರು. ಕಣ್ಣು ಪೂರ್ತಿ ಹೋಗುವವರೆಗೆ ಇವರಿಗೆ ಗೊತ್ತೇ ಆಗುದಿಲ್ಲ."

"ನೋಡಿಯಾಯಿತು" ಎಂದೆ.

ಲೀಲಕ್ಕನಿಗೆ ಚೀಟಿ ಬರೆದುಕೊಟ್ಟೆ, ಮುಂದಿನ ಡಿಸೆಂಬರಿಗೆ ಬನ್ನಿ. ಅವರ ಮುಖ ಅರಳಿತು. "ಈ ಹುಡುಗಿ ಮೂರು ತಿಂಗಳು ಅಂತ ಹೆದರಿಸಿದ್ಲು. ಆಗ ಹೂ ಜಾಸ್ತಿ ಬರುವ ಸಮಯ, ಯಾರಿಗೆ ಪುರುಸೊತ್ತು?" ಎಂದು ನನಗೆ ಕೈಮುಗಿದರು. ನಾನು ಮೈಮೂನಳ ಕಡೆ ನೋಡಿದೆ. ಗೆದ್ದವನ ನೋಟ ಅದು.

ಇಷ್ಟಕ್ಕೇ ಮುಗಿಯಲಿಲ್ಲ, ತಿದ್ದಿಕೊಳ್ಳಲು ನನಗೆ ಇನ್ನೊಂದು ಅವಕಾಶ ಸಿಕ್ಕಿತ್ತು. ಎರಡು ವಾರದ ಮೇಲೆ ಸ್ಲೈಡುಗಳು ತೊಳೆದು ಬಂದವು. ಅವಸರದವು ಡಾಕ್ಟರ ಮೇಜಿಗೆ, ಹನ್ನೆರಡು ತಿಂಗಳಿನವು ಕಪಾಟಿನ ಡಬ್ಬಿಗೆ, ರೋಗಿ ಮತ್ತೆ ಬಂದಾಗ ನೋಡಿದರೆ ಸಾಕು ಎಂಬುದು ನಮ್ಮ ಕ್ರಮ. ಲೀಲಕ್ಕನ ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟೆ. ನಾನು ತೆಗೆದ ಅತ್ಯುತ್ತಮ ಚಿತ್ರಗಳಲ್ಲಿ ಅದೊಂದು. ಒಂದೊಂದು ಎಳೆಯೂ ಎಣಿಸುವ ಹಾಗಿತ್ತು. ಮೈಮೂನ ಚೆನ್ನೈಯಲ್ಲಿದ್ದಳು. ಡಾಕ್ಟರ ಮೇಜಿಗೂ ಕಪಾಟಿಗೂ ಹತ್ತು ಹೆಜ್ಜೆಯ ವ್ಯತ್ಯಾಸ. ಮೇಜಿನ ಮೇಲಿಟ್ಟರೆ ಕಾರ್ಡು ತಿರುಗುತ್ತದೆ, ನನ್ನ ಹನ್ನೆರಡು ಕಾಣುತ್ತದೆ. ಕಪಾಟಿನಲ್ಲಿಟ್ಟೆ. ನಾಳೆ ತೆಗೆದು ಕೊಡುವ ಎಂದುಕೊಂಡೆ. ಅಂಥ ನಾಳೆಗಳು ಎಷ್ಟು ಬಂದವು ಎಂದು ನಾನೇ ಬಲ್ಲೆ.

ಮೇ ತಿಂಗಳಲ್ಲಿ ಲೀಲಕ್ಕ ಮಗಳ ಕೈ ಹಿಡಿದುಕೊಂಡು ಬಂದರು. "ನಿನ್ನೆ ಹೂ ಕಟ್ಟುವಾಗ ಎಡಗಣ್ಣಿಗೆ ಬಾಳೆನಾರು ಸಿಕ್ಕಿಬಿದ್ದ ಹಾಗೆ ಆಯ್ತು. ಇಡೀ ದಿನ ತೆಗೆದೆ, ತೊಳೆದೆ, ಹೋಗ್ಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲ ಕೆಂಪು ಕೆಂಪು, ಮತ್ತೆ ಕಪ್ಪು" ಎಂದರು. ನಾರು ಎಲ್ಲಿದೆ ಎಂದು ಇನ್ನೂ ರೆಪ್ಪೆ ಸವರಿಕೊಳ್ಳುತ್ತಿದ್ದರು. ಅದು ನಾರಲ್ಲ, ಕಣ್ಣೊಳಗೆ ಇಳಿದ ರಕ್ತದ ಎಳೆ.

ಡಾಕ್ಟರು ಕಾರ್ಡು ತರಲು ಹೇಳಿದರು. ನಾನೇ ಓಡಿದೆ. ಕಾರ್ಡಿನ ಕಟ್ಟು ಬಿಚ್ಚಿದೆ. ನನ್ನ ಅಂಕಿ ಅಳಿಸಿಬಿಡುವ ಯೋಚನೆಯೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕಾರ್ಡು ತಿರುಗಿಸಿದರೆ ನನ್ನ 12 ಹಾಗೆಯೇ ಇದೆ. ಅದರ ಪಕ್ಕದಲ್ಲಿ 3 ಇಲ್ಲ. ರಬ್ಬರಿನಲ್ಲಿ ತಿಕ್ಕಿ ಆ ಜಾಗದ ಕಾಗದ ದೊರಗಾಗಿತ್ತು.

ಡಾಕ್ಟರು ಕಾರ್ಡು ನೋಡಿದರು, ಕಪಾಟಿನಿಂದ ತರಿಸಿ ಸ್ಲೈಡು ನೋಡಿದರು. "ಮೈಮೂನ, ನೀನು ಬರೆಯಲಿಲ್ವಾ?" ಎಂದು ಕೇಳಿದರು.

"ಇಲ್ಲ ಸರ್, ಆ ದಿನ ಬರೆಯಲಿಲ್ಲ."

"ಇದು ತಪ್ಪಬಾರದಿತ್ತು ಸದಾನಂದ" ಎಂದರು. ಆಮೇಲೆ ಅವರೇ, "ನಾನೂ ಬಂದು ನೋಡಬೇಕಿತ್ತು. ಎಲ್ಲರಿಗೂ ಒಮ್ಮೆ ತಪ್ಪುತ್ತದೆ" ಎಂದು ಸ್ಲೈಡು ಕೆಳಗಿಟ್ಟರು. ಎದುರು ಇನ್ನೊಂದು ಅಂಕಿ ಇಲ್ಲದ್ದರಿಂದ ನನ್ನದು ಬರೀ ಕಣ್ತಪ್ಪು ಎನಿಸಿಕೊಂಡಿತು.

ಲೀಲಕ್ಕನ ಬಲಗಣ್ಣಿಗೆ ಆ ವಾರವೇ ಲೇಸರ್ ಶುರು ಮಾಡಿದರು, ಅದು ಉಳಿಯಿತು. ಎಡಗಣ್ಣಿಗೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕಿಟಕಿ ಎಲ್ಲಿದೆ ಎಂದು ಗೊತ್ತಾಗುವಷ್ಟು ಬೆಳಕು ಉಳಿಯಿತು, ಅಷ್ಟೇ.

ಲೀಲಕ್ಕ ಮಗಳ ಜೊತೆ ಬಂದ ಮರುದಿನ ಕತ್ತಲೆ ಕೋಣೆಯಲ್ಲಿ ಮೈಮೂನ ಟ್ರೇ ತೊಳೆಯುತ್ತಿದ್ದಳು. ಬಾಗಿಲು ಹಾಕಿ ಕೇಳಿದೆ. "ಅಳಿಸಿದ್ದು ನೀನಾ?"

"ಹೌದು. ಲೀಲಕ್ಕ ಬಂದದ್ದು ಕಂಡ ಕೂಡ್ಲೆ ಹೋಗಿ ಅಳಿಸಿದೆ."

"ಯಾಕೆ? ನನ್ನ ಮರ್ಯಾದೆ ಉಳಿಸ್ಲಿಕ್ಕಾ? ನಾನು ಕೇಳಿದ್ನಾ ನಿನ್ನ ಹತ್ತಿರ?" ನನ್ನ ಸ್ವರ ಏರಿತ್ತು. ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ಅಂಕಿಯಲ್ಲಿ ಸೋಲಿಸಿದ್ದು ಸಾಲದೆ ಇದರಲ್ಲೂ ಮೇಲಾಗಲು ನೋಡುತ್ತಾಳಲ್ಲ ಎಂದು.

ಅವಳು ಟ್ರೇ ಕೆಳಗಿಟ್ಟಳು. "ನಿಮ್ಮ ಮರ್ಯಾದೆ ನನಗೆ ಎಂತಕ್ಕೆ ಸದಾನಂದಣ್ಣ? ನಾನು ಅಳಿಸಿದ್ದು ನನಗೋಸ್ಕರ. ನೀವಾದ್ರೆ ಕಾಣ್ಲಿಲ್ಲ ಅಂತ ಹೇಳ್ಬಹುದು. ನನಗೆ ಗೊತ್ತಿತ್ತು. ಗೊತ್ತಿದ್ದು ಸುಮ್ಮನೆ ಕೂತೆ. ಡಾಕ್ಟರು ಬೆಂಗಳೂರಿಂದ ಬಂದ ದಿನವೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ಕಾರ್ಡಿನ ಹಿಂದೆ ಮೂರು ಅಂತ ಉಂಟಲ್ಲ, ಒಂದು ದಿನ ಅದು ತಿರುಗಿ ಬರ್ತದೆ, ಆಗ ನಿಮ್ಮ ಮುಖ ನೋಡ್ಬೇಕು ಅಂತ ಇತ್ತು. ನೀವು ಸೋಲುದನ್ನು ನೋಡ್ಲಿಕ್ಕೆ ನಾನು ಐದು ತಿಂಗಳು ಕಾದೆ. ನನ್ನ ಉಮ್ಮನ ಎರಡು ಕಣ್ಣು ಹೋದದ್ದು ನೋಡಿದವಳು ನಾನು."

ಅಳುತ್ತಿರಲಿಲ್ಲ. ಅತ್ತಿದ್ದರೆ ನಾಲ್ಕು ಸಮಾಧಾನದ ಮಾತು ಹೇಳಿ ದೊಡ್ಡವನಾಗುತ್ತಿದ್ದೆ. ಕಂಡಿತ್ತು, ನನಗೂ ಮೂರೇ ಕಂಡಿತ್ತು ಎಂಬ ಮಾತು ಗಂಟಲವರೆಗೆ ಬಂತು. ಬಂದದ್ದು ಅಲ್ಲೇ ನಿಂತಿತು. "ನಾವಿಬ್ಬರೂ ಹೋಗಿ ಡಾಕ್ಟರಿಗೆ ಹೇಳುವನಾ? ಲೀಲಕ್ಕನಿಗೂ?" ಎಂದು ಕೇಳಿದಳು. "ಆದದ್ದು ಆಯಿತು. ಇನ್ನು ಕೆದಕುವುದು ಬೇಡ" ಎಂದೆ. ಅವಳು ಮತ್ತೆ ಟ್ರೇ ತೊಳೆಯತೊಡಗಿದಳು.

ಆದರೆ ಅವಳು ಸುಮ್ಮನಾಗಲಿಲ್ಲ. ಒಂದು ವಾರದ ಮೇಲೆ ಡಾಕ್ಟರ ಹತ್ತಿರ ಹೋಗಿ, ಇಬ್ಬರ ಅಂಕಿ ಬೇರೆ ಬೇರೆ ಬಂದರೆ ಸೀನಿಯರದ್ದೂ ಬೇಡ, ಜೂನಿಯರದ್ದೂ ಬೇಡ, ಯಾವುದು ಕಡಿಮೆಯೋ ಅದೇ ನಡೆಯಲಿ ಎಂದಳು. ಯಾರು ಬರೆದದ್ದೆಂದು ಗುರುತಿಸುವುದೂ ಬೇಡ ಎಂದಳು. ಡಾಕ್ಟರು ಒಪ್ಪಿದರು. ಅಂದಿನಿಂದ ನಮ್ಮಲ್ಲಿ ಗೆಲ್ಲುವುದಕ್ಕೂ ಸೋಲುವುದಕ್ಕೂ ಏನೂ ಉಳಿಯಲಿಲ್ಲ. ಎಷ್ಟೋ ಮಂದಿ ಸುಮ್ಮನೆ ಬೇಗ ಬಂದು ಹೋದರು, ನಮ್ಮನ್ನು ಬೈದರು. ಕೆಲವರ ಕಣ್ಣು ಉಳಿಯಿತು. ಆಸ್ಪತ್ರೆಯಲ್ಲಿ ಅದಕ್ಕೆ ಮೈಮೂನಳ ರೂಲು ಎಂದೇ ಹೆಸರಾಯಿತು. ಆ ರೂಲಿನಲ್ಲಿ ಅರ್ಧ ನನ್ನ ತಪ್ಪಿನದು, ಅರ್ಧ ಹೆಸರಾದರೂ ನನಗೆ ಬರಬೇಕಿತ್ತು ಎಂದು ನನಗೆ ಅನಿಸುತ್ತಿತ್ತು. ಇಷ್ಟಾದ ಮೇಲೂ ಹಾಗೆ ಅನಿಸುತ್ತಿತ್ತು ಎಂದರೆ ನನ್ನ ಕಾಯಿಲೆ ಎಂಥದ್ದು ನೋಡಿ.

ನಂತರದ ವರ್ಷಗಳಲ್ಲಿ ಡಿಜಿಟಲ್ ಕ್ಯಾಮರಾ ಬಂತು. ಒತ್ತಿದ ಕ್ಷಣಕ್ಕೆ ಚಿತ್ರ ಪರದೆಯ ಮೇಲೆ. ಎರಡು ವಾರ ಕಾಯುವುದಿಲ್ಲ, ಕತ್ತಲೆ ಕೋಣೆ ಸ್ಟೋರ್ ರೂಮಾಯಿತು. ನನ್ನ ಕೈಚಳಕಕ್ಕೆ ಬೆಲೆ ಇಲ್ಲದಾಯಿತು, ಹೊಸಬರು ಒಂದು ವಾರದಲ್ಲಿ ನನ್ನಷ್ಟೇ ಒಳ್ಳೆಯ ಫೋಟೋ ತೆಗೆಯುತ್ತಿದ್ದರು. ಅವಳ ಸ್ಟೂಲಿಗೆ ಮಾತ್ರ ಬದಲಿ ಯಂತ್ರ ಬರಲಿಲ್ಲ. ಕಾರ್ಡುಗಳ ಜಾಗಕ್ಕೆ ಕಂಪ್ಯೂಟರ್ ಬಂದಾಗ ಹಳೆಯ ಕಾರ್ಡುಗಳನ್ನು ಗೋಣಿಯಲ್ಲಿ ಕಟ್ಟಿದರು. ಲೀಲಕ್ಕನ ಕಾರ್ಡನ್ನು ನಾನು ತೆಗೆದು ಮನೆಗೆ ತಂದೆ. ಅದು ನಿಯಮಕ್ಕೆ ವಿರುದ್ಧ, ಆದರೂ ತಂದೆ.

ಲೀಲಕ್ಕ ಪ್ರತಿ ಆರು ತಿಂಗಳಿಗೆ ತಪ್ಪದೆ ಬರುತ್ತಿದ್ದರು. ಬರುವಾಗ ಬಾಳೆಲೆಯಲ್ಲಿ ಸುತ್ತಿ ಎರಡು ಮಲ್ಲಿಗೆ ಚೆಂಡು ತರುತ್ತಿದ್ದರು. ಒಂದು ಮೈಮೂನಳಿಗೆ, ಒಂದು ನನಗೆ, "ನಿಮ್ಮ ಹೆಂಡತಿಗೆ ಕೊಡಿ" ಎಂದು. ನಾನು ಯಾವುದು ದೊಡ್ಡದು ಎಂದು ನೋಡುತ್ತಿದ್ದೆ. ನಗಬೇಡಿ, ನಿಜವಾಗಿ ನೋಡುತ್ತಿದ್ದೆ. ಎರಡೂ ಯಾವಾಗಲೂ ಒಂದೇ ಅಳತೆ. ಕೊಡುವಾಗ ಲೀಲಕ್ಕ ಬಲಗಣ್ಣಿನಿಂದ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಆಮೇಲೆ ಕೈ ಬಿಡುತ್ತಿದ್ದರು. ಕಣ್ಣು ಕಡಿಮೆಯಾದವರು ಹಾಗೆ ನೋಡುತ್ತಾರೆ ಎಂದುಕೊಂಡಿದ್ದೆ.

ಎರಡು ಸಾವಿರದ ಒಂಬತ್ತರಲ್ಲಿ ನಿವೃತ್ತನಾದೆ. ಮನೆಯಲ್ಲಿ ಕೂತ ಮೇಲೆ ಆ ಕಾರ್ಡು ಬೀರುವಿನಲ್ಲಿದೆ ಎಂಬುದು ದಿನವೂ ನೆನಪಾಗತೊಡಗಿತು. ಒಂದು ಬೆಳಿಗ್ಗೆ ಅದನ್ನು ಅಂಗಿಯ ಕಿಸೆಯಲ್ಲಿಟ್ಟು ಶಂಕರಪುರಕ್ಕೆ ಹೋದೆ. ಲೀಲಕ್ಕ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಕುಳಿತೆ. ಎಲ್ಲವನ್ನೂ ಹೇಳಿದೆ. ಮೂರೇ ಕಂಡದ್ದು, ಹನ್ನೆರಡು ಬರೆದದ್ದು, ಸ್ಲೈಡು ಕಪಾಟಿನಲ್ಲಿಟ್ಟದ್ದು, ಯಾಕೆ ಎಂಬುದೂ. ಅವರ ಬೆರಳು ನಿಲ್ಲಲಿಲ್ಲ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಹುಡುಗಿ ಬಂದು ಹೇಳಿ ಏಳು ವರ್ಷ ದಾಟಿತು" ಎಂದರು ಲೀಲಕ್ಕ.

ಕಿಸೆಯಿಂದ ತೆಗೆಯಲು ಹೊರಟಿದ್ದ ಕಾರ್ಡನ್ನು ಅಲ್ಲೇ ಬಿಟ್ಟೆ.

"ಲೇಸರ್ ಮುಗಿದ ವಾರವೇ ಬಂದಿದ್ಲು. ಇಲ್ಲಿಯೇ ಕೂತದ್ದು, ನೀವು ಕೂತಲ್ಲಿ. ಗೊತ್ತಿದ್ದೂ ಹೇಳ್ಲಿಲ್ಲ ಅಂತ ತನ್ನದು ಮಾತ್ರ ಹೇಳಿದ್ಲು. ಸಿಟ್ಟು ಬಂತು ನನಗೆ. ನನ್ನ ಕಣ್ಣು ನಿಮಗೆ ಆಟದ ಸಾಮಾನಾ ಅಂತ ಬೈದೆ. ಹೋಗು ಇಲ್ಲಿಂದ ಅಂದೆ. ಹೋಗ್ಲಿಲ್ಲ. ಬೈಸಿಕೊಂಡು ಇಲ್ಲಿಯೇ ಕೂತು ನನ್ನ ಜೊತೆ ಹೂ ಕಟ್ಟಿದ್ಲು. ಕಟ್ಲಿಕ್ಕೆ ಬರುದಿಲ್ಲ ಅವಳಿಗೆ."

"ನನ್ನ ವಿಷಯ?"

"ನಿಮ್ಮ ಹೆಸರು ಎತ್ತಲಿಲ್ಲ. ಚೀಟಿ ಬರೆದದ್ದು ನೀವೇ ಅಲ್ವಾ, ನನಗೆ ಗೊತ್ತಾಗುದಿಲ್ವಾ? ಮತ್ತೆ ಅವರು? ಅಂತ ಅವಳ ಹತ್ತಿರ ಕೇಳಿದೆ. ಅವರಿಗೂ ಕಂಡಿತ್ತು, ಅವರು ಬಂದು ಹೇಳ್ತಾರೆ ಅಂದ್ಲು. ಅದಕ್ಕೇ ಪ್ರತಿ ಸಲ ಹೂ ಕೊಡುವಾಗ ನಿಮ್ಮ ಮುಖ ನೋಡ್ತಿದ್ದೆ. ಇವತ್ತು ಹೇಳ್ತಾರೋ, ಇವತ್ತು ಹೇಳ್ತಾರೋ ಅಂತ."

ನನಗೆ ಕಂಡಿತ್ತು ಎಂದು ಅವಳಿಗೆ ಗೊತ್ತಿತ್ತು. ಕತ್ತಲೆ ಕೋಣೆಯಲ್ಲಿ ನನ್ನ ಗಂಟಲಲ್ಲಿ ನಿಂತ ಮಾತು ಅವಳಿಗೆ ಆಗಲೇ ಕೇಳಿಸಿತ್ತು. ಹೇಳಿ ಹಗುರಾಗಲು ಬಂದವನು ನಾನು. ಇಲ್ಲೂ ಅವಳೇ ಮೊದಲು ಬಂದು ಹೋಗಿದ್ದಳು. ನಾಚಿಕೆಯ ಜೊತೆಗೇ ಹಳೆಯ ಉರಿಯೂ ಎದ್ದಿತು. ನನ್ನ ಬಾಯಿಂದ ಬಂದ ಪ್ರಶ್ನೆ ಯಾವುದು ಗೊತ್ತೇ? ಕ್ಷಮಿಸಿ ಎಂದಲ್ಲ.

"ಯಾವಾಗ ಬರ್ತಾರೆ ಅಂತ ಹೇಳಿದ್ಲಾ?"

ಲೀಲಕ್ಕ ನಾರು ಗಂಟು ಹಾಕಿ, ಹಲ್ಲಿನಿಂದ ಕಡಿದು, ಚೆಂಡನ್ನು ನನ್ನ ಮುಂದಿಟ್ಟರು. "ಹೇಳಿದ್ಲು. ಕೆಲಸ ಇರುವವರೆಗೆ ಬರುದಿಲ್ಲ, ರಿಟೈರ್ ಆದ ಮೇಲೆ ಮೂರು ತಿಂಗಳಲ್ಲಿ ಬರ್ತಾರೆ ಅಂದ್ಲು."

ನಾನು ಬೆರಳು ಮಡಿಸಿ ಎಣಿಸಿದೆ. ನಿವೃತ್ತನಾಗಿ ಎರಡು ತಿಂಗಳು ಇಪ್ಪತ್ತಾರು ದಿನವಾಗಿತ್ತು.